ಬೆಳ್ಳಿ ಕಟ್ಟಿದ ಗೆರಟೆ

ನೋಡಿ ವೀಕ್ಷಕರೇ, ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಹಳ್ಳಿಮನೆಗೆ ಹೋದರೆ ಬಚ್ಚಲ ಒಲೆಯ ಪಕ್ಕ ಒಂದು ರಾಶಿ ಗೆರಟೆ ಬಿದ್ದಿರುತ್ತೆ. ಕಾಯಿ ತುರಿದ ಮೇಲೆ ಉಳಿಯೋ ಚಿಪ್ಪು. ನೀರು ಕಾಯಿಸೋದಕ್ಕೆ ಬಿಟ್ಟರೆ ಅದಕ್ಕೇನು ಬೆಲೆ ಅಂತೀರಿ. ಇಂಥ ಗೆರಟೆಗೆ ಜರ್ಮನಿಯ ರಾಜಮನೆತನಗಳು ಬೆಳ್ಳಿ ಕಟ್ಟಿಸಿ ಖಜಾನೆಯಲ್ಲಿ ಇಟ್ಟಿದ್ದವು ಅಂದ್ರೆ ನಂಬ್ತೀರಾ?

ಇದು 15, 16ನೇ ಶತಮಾನದ ಮಾತು. ನ್ಯೂರೆಂಬರ್ಗ್, ಆಗ್ಸ್‌ಬರ್ಗ್ ನಗರಗಳ ಅಕ್ಕಸಾಲಿಗರು ಚಿಪ್ಪನ್ನು ಉಜ್ಜಿ ನುಣುಪು ಮಾಡಿ, ಚಿತ್ರ ಕೆತ್ತಿ, ಬೆಳ್ಳಿಯ ಅಂಚು, ಪಟ್ಟಿ, ಕಾಲು, ಮುಚ್ಚಳ ಕೂರಿಸುತ್ತಿದ್ದರು. ಮೇಲೆ ಚಿನ್ನದ ಲೇಪ. ಬೆಳ್ಳಿಯ ಶುದ್ಧತೆಗೆ ಊರಿನ ಮುದ್ರೆ: ನ್ಯೂರೆಂಬರ್ಗಿಗೆ 'ಎನ್' ಅಕ್ಷರ, ಆಗ್ಸ್‌ಬರ್ಗಿಗೆ ಪೈನ್ ಮರದ ಕಾಯಿ. ತೆಂಗು ಬೆಳೆಯದ ಆ ದೇಶದಲ್ಲಿ ಇದು 'ಇಂಡಿಯಾದ ಕಾಯಿ'. ಇದರಲ್ಲಿ ಕುಡಿದರೆ ವಿಷವೂ ನಾಟದು ಅನ್ನೋ ನಂಬಿಕೆ ಬೇರೆ! ಡ್ರೆಸ್ಡೆನ್ ಅರಮನೆಯ 'ಹಸಿರು ಖಜಾನೆ'ಯಲ್ಲಿ ಇಂಥ ಬಟ್ಟಲುಗಳು ಇವತ್ತಿಗೂ ಇವೆ.

ಆ ಊರಿನವರಿಗೆ ನಮ್ಮ ಕರಾವಳಿ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. 1505ರಲ್ಲಿ ಹೊನ್ನಾವರದ ಮೇಲೆ ದಾಳಿ ಮಾಡಿದ ಪೋರ್ಚುಗೀಸ್ ಅಲ್ಮೇಡಾನ ನೌಕಾಪಡೆಗೆ ಆಗ್ಸ್‌ಬರ್ಗಿನ ವೆಲ್ಸರ್, ಫುಗ್ಗರ್ ಸಾಹುಕಾರರೂ ದುಡ್ಡು ಹಾಕಿದ್ದರು. ಅವರ ಕಣ್ಣು ಕಾಳುಮೆಣಸಿನ ಮೇಲಿತ್ತು.

ಸರಿ, ಅಲ್ಲಿ ಗೆರಟೆಗೆ ಬೆಳ್ಳಿ ಕಟ್ಟಿದರು. ನಾವೇನು ಮಾಡಿದೆವು?

ಗದ್ದೆ, ತೋಟದಲ್ಲಿ ಬೆವರು ಸುರಿಸಿದ ದಲಿತರಿಗೆ ಅಂಗಳದಾಚೆ ನಿಲ್ಲಿಸಿ ಗೆರಟೆಯಲ್ಲಿ ಚಹಾ ಕೊಟ್ಟೆವು. ನಮ್ಮ ಲೋಟ ಅವರ ತುಟಿಗೆ ತಾಗಬಾರದಲ್ಲ! ಕುಡಿದವರ ಬಾಯಲ್ಲೇ ಇದನ್ನು ಕೇಳಿದ್ದೇನೆ. ಕೇಳಿದ ದಿನ ನನ್ನ ಕೈಯಲ್ಲಿದ್ದ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಈ ಅನ್ಯಾಯದ ವಿರುದ್ಧ ನಿಂತವರೂ ಇದೇ ಸೀಮೆಯ ನಂಟಿನವರು. ಕುದ್ಮುಲ್ ರಂಗರಾಯರ ಹೆಸರಿನಲ್ಲೇ ಪುತ್ತೂರು ಸೀಮೆಯ ಊರಿದೆ. 1897ರಲ್ಲಿ ಮಂಗಳೂರಿನಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅದಕ್ಕೆ ಸ್ವಂತ ಜಾತಿಯವರಿಂದಲೇ ಬಹಿಷ್ಕಾರ ಅನುಭವಿಸಿದರು. ಮುಂದೆ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಆದರೂ ಕೊರಗರ ಮೇಲಿನ ಅಜಲು ಪದ್ಧತಿ ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾನೂನೇ ಬೇಕಾಯಿತು. ಎಷ್ಟು ವರ್ಷ, ಲೆಕ್ಕ ಹಾಕಿ!

ಈಗ ಅದೇ ಗೆರಟೆ ಪಾಲಿಶ್ ಆಗಿ 'ಪರಿಸರಸ್ನೇಹಿ ಕಪ್' ಅಂತ ಅಂಗಡಿಗೆ ಬಂದಿದೆ. ಖಂಡಿತ ತಗೊಳ್ಳಿ. ಆದರೆ ಮಕ್ಕಳ ಕೈಗೆ ಕೊಡುವಾಗ, ನಮ್ಮೂರಲ್ಲಿ ಇದರಲ್ಲಿ ಯಾರು ಕುಡಿಯುತ್ತಿದ್ದರು, ಯಾಕೆ ಕುಡಿಯಬೇಕಾಗಿತ್ತು ಅನ್ನೋದನ್ನೂ ಹೇಳಿ.