ರಣರಂಗದ ನೆನಪುಗಳು: ಸಂಗ್ರಹಕ್ಕೆ ಹೊರಟ ಎಳೆಯರಿಗೆ

ಕೂಡಿಡುವ ಹವ್ಯಾಸ ಎಳೆಯರಿಗೆ ಹೊಸದಲ್ಲ. ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೆಟ್ಟಿಗೆಯ ಚಿತ್ರ, ಹೊಳೆಯ ದಂಡೆಯ ಬಣ್ಣದ ಕಲ್ಲು, ಹೀಗೆ ಏನಾದರೊಂದನ್ನು ಡಬ್ಬಿಯಲ್ಲಿ ತುಂಬಿಡದೆ ಬಾಲ್ಯ ಕಳೆದವರು ವಿರಳ. ಇವರಲ್ಲಿ ಕೆಲವರಿಗೆ ಸೈನ್ಯದ ವಸ್ತುಗಳ ಮೇಲೆ ವಿಶೇಷ ಮೋಹ. ಕತ್ತಿ, ಢಾಲು, ಪದಕ, ಸಿಪಾಯಿಯ ಪಟ್ಟಿ, ಟೊಪ್ಪಿಗೆಯ ಬಿಲ್ಲೆ ಕಂಡರೆ ಅವರ ಕಣ್ಣು ಅರಳುತ್ತದೆ. ಮೋಹ ತಪ್ಪಲ್ಲ. ಆದರೆ ಈ ಹವ್ಯಾಸಕ್ಕೂ ಉಳಿದವುಗಳಿಗೂ ಒಂದು ವ್ಯತ್ಯಾಸವುಂಟು. ಅಂಚೆಚೀಟಿಯ ಹಿಂದೆ ಒಂದು ಪತ್ರ ಇರುತ್ತದೆ; ಪದಕದ ಹಿಂದೆ ಒಬ್ಬ ಮನುಷ್ಯನಿರುತ್ತಾನೆ, ಬಹಳ ವೇಳೆ ಒಂದು ಸಾವೂ ಇರುತ್ತದೆ. ಆದ್ದರಿಂದ ಈ ದಾರಿಗೆ ಕಾಲಿಡುವವರು ಕೆಲವು ಮಾತುಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಇಂಥ ಸಂಗ್ರಹಕ್ಕೆ ದೂರದ ಲಂಡನ್ನಿಗೋ ದಿಲ್ಲಿಗೋ ಹೋಗಬೇಕೆಂದು ತಿಳಿಯಬೇಡಿ. ಭೀಮೆಯ ದಕ್ಷಿಣದ ಅಂದೋಲಾವನ್ನೇ ತೆಗೆದುಕೊಳ್ಳಿ. ಇಂದು ಅದು ಜೇವರ್ಗಿ ತಾಲ್ಲೂಕಿನ ಒಂದು ಊರು. ನಿಜಾಮರ ಆಳಿಕೆಯಲ್ಲಿ ಒಂದು ತಾಲ್ಲೂಕಿಗೇ ಅಂದೋಲಾ ಎಂದು ಹೆಸರಿತ್ತು. ಆ ಊರಿನ ಹುಡುಗನೊಬ್ಬ ಉತ್ತರಕ್ಕೆ ಹೊರಟರೆ, ಹೊಳೆ ದಾಟಿ, 1347ರಲ್ಲಿ ಬಹಮನಿ ಅರಸರು ರಾಜಧಾನಿ ಮಾಡಿಕೊಂಡ ಕಲಬುರಗಿಯ ಕೋಟೆಯನ್ನೂ ಅದರ ಮೇಲಿನ ಉದ್ದನೆಯ ತೋಪುಗಳನ್ನೂ ಕಾಣುತ್ತಾನೆ. ದಕ್ಷಿಣಕ್ಕೆ ಹೊರಟರೆ 1858ರಲ್ಲಿ ಇಂಗ್ಲಿಷರ ವಿರುದ್ಧ ಕಾದಿದ ಸುರಪುರ ಸಿಗುತ್ತದೆ. ಪೂರ್ವದಲ್ಲಿ ರಾಷ್ಟ್ರಕೂಟರ ಮಳಖೇಡ, ಪಶ್ಚಿಮದಲ್ಲಿ ಆದಿಲ್‌ಶಾಹಿಗಳ ವಿಜಯಪುರ. ಸಾವಿರ ವರ್ಷ ದಂಡು ನಡೆದ ನೆಲ ಇದು. ಇಲ್ಲಿ ವಸ್ತುಗಳಿಗೆ ಬರವಿಲ್ಲ. ಅವುಗಳ ಹಿಂದಿನ ಸಂಗತಿಯನ್ನು ಬಲ್ಲವರಿಗೆ ಬರ ಬರುತ್ತಿದೆ.

ಸಂಗತಿ ತಿಳಿದಿದ್ದರೆ ಒಂದು ಕಲ್ಲು ಎಷ್ಟು ಮಾತಾಡಬಲ್ಲದೆಂಬುದಕ್ಕೆ ಆತಕೂರಿನ ಶಾಸನವೇ ಸಾಕ್ಷಿ. ಮಳಖೇಡದಿಂದ ಆಳುತ್ತಿದ್ದ ಮೂರನೆಯ ಕೃಷ್ಣನು 949ರ ಸುಮಾರಿಗೆ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ. ಅವನ ಪರವಾಗಿ ಹೋರಾಡಿದ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಬೂತುಗನ ಬಂಟ ಮಣಲೇರ ತೋರಿದ ಶೌರ್ಯಕ್ಕೆ ಮೆಚ್ಚಿ, ಬೇಕಾದ್ದನ್ನು ಕೇಳೆಂದಾಗ, ಅವನು ಕೇಳಿದ್ದು ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೇರ ತನ್ನ ನಾಯಿಗೆ ಕಲ್ಲು ನಿಲ್ಲಿಸಿದ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲಿಂದ ಅಕ್ಷರಗಳನ್ನು ಅಳಿಸಿಬಿಟ್ಟರೆ ಉಳಿಯುವುದೇನು? ನಾಯಿ, ಹಂದಿಗಳ ಒಂದು ಚಿತ್ರ. ಒಂದು ಮಹಾಯುದ್ಧವೂ ಒಬ್ಬ ಬಂಟನ ಮನಸ್ಸೂ ನಮಗೆ ಉಳಿದುಬಂದದ್ದು ಅಕ್ಷರದಿಂದ.

ಸಂಗ್ರಹಕಾರನ ಮೊದಲ ಪಾಠವೂ ಇದೇ. ಯಾರದು, ಎಲ್ಲಿಯದು, ಯಾವಾಗಿನದು ಎಂಬುದು ಗೊತ್ತಿಲ್ಲದ ಕತ್ತಿ ಹಳೆಯ ಕಬ್ಬಿಣ. ಗೊತ್ತಿರುವ ಕತ್ತಿ ಇತಿಹಾಸ. ಆದ್ದರಿಂದ ಕತ್ತಿಗೆ ಹಣ ಕೂಡಿಸುವ ಮೊದಲು ಒಂದು ಗಟ್ಟಿ ರಟ್ಟಿನ ನೋಟುಪುಸ್ತಕ ಕೊಳ್ಳಿ.

ಆ ಪುಸ್ತಕದಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಅಂಕಿ ಕೊಡಿ. ಅದು ಯಾವ ಊರಿನಲ್ಲಿ, ಯಾರ ಮನೆಯಲ್ಲಿ, ಮನೆಯ ಯಾವ ಸ್ಥಳದಲ್ಲಿ ಇತ್ತು. ಯಾವ ದಿನ ನೋಡಿದಿರಿ. ಉದ್ದ, ಅಗಲ, ತೂಕ ಎಷ್ಟು. ಅದರ ಮೇಲೆ ಅಕ್ಷರ, ಮುದ್ರೆ ಏನಾದರೂ ಇದೆಯೇ. ಅದರ ವಿಷಯ ಮನೆಯವರು ಏನು ಹೇಳಿದರು, ಯಾರು ಹೇಳಿದರು. ಇಷ್ಟನ್ನೂ ಅಂದೇ ಬರೆಯಿರಿ. ನಾಳೆ ಬರೆದರಾಯಿತೆಂದು ಬಿಟ್ಟರೆ ಅರ್ಧ ಮರೆತುಹೋಗುತ್ತದೆ. ಹಿರಿಯರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಬೇಕು. ನಿಮ್ಮ ಪಠ್ಯಪುಸ್ತಕದ ಭಾಷೆಗೆ ತಿದ್ದಬಾರದು. ಇಂದು ಕೈಗೊಂದು ಫೋನು ಇರುವುದರಿಂದ ಅವರ ಧ್ವನಿಯನ್ನೇ ಹಿಡಿದಿಡಬಹುದು, ಆದರೆ ಅವರ ಒಪ್ಪಿಗೆ ಕೇಳಿಯೇ.

ಹೇಳಿಕೆಗಳು ಒಂದಕ್ಕೊಂದು ಹೊಂದದಿದ್ದರೆ ಗಾಬರಿಯಾಗಬೇಡಿ. ಸುರಪುರದ ರಾಜಾ ವೆಂಕಟಪ್ಪ ನಾಯಕನ ಕೊನೆಯನ್ನೇ ನೋಡಿ. 1858ರ ಫೆಬ್ರವರಿಯ ಕಾಳಗದ ನಂತರ ಸೆರೆಸಿಕ್ಕ ಆ ತರುಣ ಅರಸ, ಅದೇ ವರ್ಷ, ಪಹರೆಯಲ್ಲಿ ಕರೆದೊಯ್ಯುತ್ತಿದ್ದಾಗ ಗುಂಡು ತಗಲಿ ತೀರಿಕೊಂಡ. ಅದು ಆತ್ಮಹತ್ಯೆಯೋ, ಆಕಸ್ಮಿಕವೋ, ಬೇರೆಯವರ ಕೈವಾಡವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಚಿಕ್ಕಂದಿನಲ್ಲಿ ಅವನನ್ನು ಬಲ್ಲವನಾಗಿದ್ದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಒಂದು ರೀತಿ ಬರೆದ; ಊರಿನ ಬಾಯಿಮಾತು ಇನ್ನೊಂದು ರೀತಿ ಹೇಳುತ್ತದೆ. ನಿಮ್ಮ ಕೆಲಸ ತೀರ್ಪು ಕೊಡುವುದಲ್ಲ. ಎರಡನ್ನೂ, ಹೇಳಿದವರ ಹೆಸರಿನ ಸಹಿತ, ಬರೆದಿಡುವುದು.

ಹೈದರಾಬಾದ್ ಕರ್ನಾಟಕವೆಂದು ಹಿಂದೆ ಕರೆಯುತ್ತಿದ್ದ ಈ ಸೀಮೆಯಲ್ಲಿ ಇನ್ನೊಂದು ಎಚ್ಚರವೂ ಬೇಕು. 1947–48ರಲ್ಲಿ ರಜಾಕಾರರ ಹಾವಳಿ, ಗಡಿಯಾಚೆ ಮುಂಬಯಿ ಪ್ರಾಂತದಲ್ಲಿ ನೆಲೆಗೊಂಡ ಹೋರಾಟದ ಶಿಬಿರಗಳು, 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕದ್ದು, 17ರಂದು ನಿಜಾಮರು ಶರಣಾದದ್ದು, ಅದರ ಹಿಂದುಮುಂದಿನ ದಿನಗಳಲ್ಲಿ ಹಿಂದೂ ಮುಸಲ್ಮಾನರೆನ್ನದೆ ಅನೇಕ ಮನೆಗಳಿಗೆ ಒದಗಿದ ದುಃಖ, ಇವನ್ನೆಲ್ಲ ಬಾಲ್ಯದಲ್ಲಿ ಕಂಡವರು ಈಗ ಬಹಳ ಕಡಿಮೆ. ಅಟ್ಟದ ಮೇಲಿನ ಬಂದೂಕಿನ ಚೀಲವೊಂದು ನಿಮಗೆ ಕುತೂಹಲದ ವಸ್ತು; ಆ ಮನೆಯ ಅಜ್ಜಿಗೆ ಅದು ಮರಳಿ ಬಾರದ ಅಣ್ಣ. ಮೊದಲು ಅಜ್ಜಿ ಹೇಳುವುದನ್ನು ಕೇಳಿಕೊಳ್ಳಿ. ಹೇಳಲು ಮನಸ್ಸಿಲ್ಲವೆಂದರೆ ಅಲ್ಲಿಗೇ ಬಿಡಿ. ವಸ್ತುವನ್ನು ಕೇಳುವ ಮಾತು ಆಮೇಲಿನದು. ಅನೇಕ ವೇಳೆ ಕೇಳದಿರುವುದೇ ಮೇಲು. ಮನೆಯವರಿಗೇ ಅದರ ಬೆಲೆ ತಿಳಿಸಿ, ಅಲ್ಲಿಯೇ ಜೋಪಾನವಾಗಿರುವಂತೆ ಮಾಡಿದರೆ ಅದೂ ಸಂಗ್ರಹವೇ.

ಕೆಲವು ವಸ್ತುಗಳನ್ನಂತೂ ಯಾವ ಕಾರಣಕ್ಕೂ ಸ್ಥಳದಿಂದ ಕದಲಿಸಬಾರದು. ಊರ ಅಗಸೆಯ ಬಳಿ, ಹನುಮಂತನ ಗುಡಿಯ ಮುಂದೆ ನಿಂತಿರುವ ವೀರಗಲ್ಲುಗಳು ಮೊದಲನೆಯವು. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಅಂತಸ್ತು: ಕೆಳಗೆ ವೀರನ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವುದು, ಮೇಲೆ ಶಿವಸನ್ನಿಧಿ. ದನ ತಿರುಗಿಸುವಾಗ ಸತ್ತವನಿಗೂ, ಊರು ಉಳಿಸಲು ಸತ್ತವನಿಗೂ ಜನ ಇಂಥ ಕಲ್ಲು ನಿಲ್ಲಿಸಿದರು. ಆ ವೀರನ ಪದಕವೆಂದರೆ ಅದೇ, ಅವನು ಕಾಪಾಡಿದ ಊರಿನಲ್ಲೇ ಇರತಕ್ಕದ್ದು. ಚಿತ್ರ ತೆಗೆಯಿರಿ, ಅಳತೆ ಹಿಡಿಯಿರಿ, ಅಕ್ಷರಗಳಿದ್ದರೆ ಬರೆದುಕೊಳ್ಳಿ. ಅಕ್ಷರ ಕಾಣಲೆಂದು ಸುಣ್ಣ ಬಳಿಯುವುದಾಗಲಿ ಕಬ್ಬಿಣದ ಬ್ರಷ್ಷಿನಿಂದ ತಿಕ್ಕುವುದಾಗಲಿ ಬೇಡ. ಸಂಜೆಯ ಓರೆಬಿಸಿಲಿನಲ್ಲಿ ನೋಡಿದರೆ ಅವು ತಾವಾಗಿಯೇ ಎದ್ದು ಕಾಣುತ್ತವೆ. ಹಾಗೆಯೇ ದೇವರ ಜಗುಲಿಯ ಮೇಲಿನ ಕತ್ತಿ, ಪುರವಂತರ ಶಸ್ತ್ರ, ಮೊಹರಮ್ಮಿನ ಪಂಜಾ ಇವು ಪೂಜೆಯವು, ಸಂಗ್ರಹದವಲ್ಲ.

ಬೆಲೆ ತಿಳಿಯದಿದ್ದರೆ ಎಂಥ ವಸ್ತುವೂ ಗುಜರಿಗೆ ಹೋಗಬಹುದು. ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು ಕಂಡವರು ಬಹಳ ಮಂದಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕಹೊಯ್ದ, ಸುಮಾರು 55 ಟನ್ ತೂಕದ ತೋಪು ಅದು. ಬಾಯಿಯ ಬಳಿ ಆನೆಯನ್ನು ನುಂಗುವ ಸಿಂಹಮುಖವಿದೆ. 1854ರಲ್ಲಿ, ನಿರುಪಯೋಗಿ ಸರ್ಕಾರಿ ಸಾಮಾನನ್ನು ವಿಲೇವಾರಿ ಮಾಡಬೇಕೆಂಬ ಆಜ್ಞೆ ಬಂದಾಗ ಇದನ್ನೂ ಹರಾಜಿಗಿಟ್ಟರು. ಬಂದ ಹೆಚ್ಚಿನ ಸವಾಲು ರೂ. 150! ಊರವರಿಗೆ ತೋಪಿನ ಮೇಲಿದ್ದ ಭಕ್ತಿಯನ್ನು ಕಂಡ ಒಬ್ಬ ಅಧಿಕಾರಿ ಮೇಲಿನವರಿಗೆ ಬರೆದದ್ದರಿಂದ ಹರಾಜು ರದ್ದಾಯಿತು. ತೋಪನ್ನು ಉಳಿಸಿದ್ದು ಲೋಹದ ಬೆಲೆಯಲ್ಲ. ಜನರ ಮನಸ್ಸಿನಲ್ಲಿ ಅದಕ್ಕಿದ್ದ ಸ್ಥಾನ. ನಿಮ್ಮ ಊರಿನ ಹುಡೇವಿನ ಮೇಲಿದ್ದ ಸಣ್ಣ ತೋಪಿಗೆ ಅಂಥ ಅಧಿಕಾರಿ ಸಿಗದಿರಬಹುದು. ಆ ಕೆಲಸವನ್ನು ನೀವೇ ಮಾಡಬೇಕು.

ಇನ್ನು ಪದಕಗಳ ಮಾತು. ಆರಂಭಿಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಮೊದಲನೆಯ ಮಹಾಯುದ್ಧದ (1914–18) ಪದಕ ಕೈಗೆ ಸಿಕ್ಕರೆ ಮುಖದ ಮೇಲಿನ ರಾಜನ ಚಿತ್ರವನ್ನು ನೋಡಿ ಸುಮ್ಮನಾಗಬೇಡಿ. ಅಂಚನ್ನು ತಿರುಗಿಸಿ ನೋಡಿ. ಸಿಪಾಯಿಯ ಅಂಕಿ, ಹುದ್ದೆ, ಹೆಸರು, ಪಡೆ ಅಲ್ಲಿ ಸಣ್ಣಕ್ಷರದಲ್ಲಿ ಒತ್ತಿರುತ್ತದೆ. ಆ ಒಂದು ಸಾಲಿನಿಂದ ಮನುಷ್ಯನನ್ನು ಹುಡುಕಬಹುದು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು, ಮೆಷಿನ್‌ಗನ್ನುಗಳ ಎದುರಿಗೆ ಕುದುರೆಯ ಮೇಲೆ ಭರ್ಜಿ ಹಿಡಿದು ನುಗ್ಗಿ, ಗೆದ್ದವರು ಜೋಧಪುರ ಮತ್ತು ಮೈಸೂರಿನ ಲ್ಯಾನ್ಸರ್ ಪಡೆಗಳವರು. ಅದೇ ದಳಕ್ಕೆ ಹೈದರಾಬಾದಿನ ಲ್ಯಾನ್ಸರ್ ಪಡೆಯೂ ಸೇರಿತ್ತು; ಕಲಬುರಗಿ ಸೀಮೆ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ದಿಲ್ಲಿಯ ತೀನ್‌ಮೂರ್ತಿಯ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಸವಾರರ ನೆನಪಿಗಾಗಿಯೇ ನಿಂತಿವೆ. ಅಂಚಿನ ಮೇಲೆ ಇಂಥ ಪಡೆಯ ಹೆಸರು ಕಂಡರೆ ನಿಮ್ಮ ಕೈಯಲ್ಲಿರುವುದು ಬೆಳ್ಳಿಯ ಬಿಲ್ಲೆಯಲ್ಲ, ಸಮುದ್ರ ದಾಟಿ ಹೋದ ಒಬ್ಬ ಸವಾರನ ಗುರುತು.

ಹಬ್ಬ ಬಂತೆಂದು ಆ ಪದಕಕ್ಕೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವ ಉತ್ಸಾಹ ಕೆಲವರಿಗೆ. ಪ್ರತಿ ಸಲ ತಿಕ್ಕಿದಾಗಲೂ ಅಂಚಿನ ಅಕ್ಷರ ಒಂದಿಷ್ಟು ಸವೆಯುತ್ತದೆ; ಕೊನೆಗೆ ಪದಕ ಹೊಳೆಯುತ್ತದೆ, ಹೆಸರು ಹೋಗಿರುತ್ತದೆ. ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಕಬ್ಬಿಣದ ಕತ್ತಿಗೆ ಉಪ್ಪುಕಾಗದ ಮುಟ್ಟಿಸಬೇಡಿ. ಧೂಳು ಒರೆಸಿ, ತೆಳುವಾಗಿ ಯಂತ್ರದ ಎಣ್ಣೆ ಸವರಿ, ತೇವವಿಲ್ಲದ ಕಡೆ ಇಡಿ. ಚರ್ಮದ ಒರೆಯೊಳಗೆ ಕತ್ತಿಯನ್ನು ವರ್ಷಗಟ್ಟಲೆ ಬಿಟ್ಟರೆ ಚರ್ಮ ಹೀರಿದ ತೇವದಿಂದ ತುಕ್ಕು ಹಿಡಿಯುತ್ತದೆ. ಎರಡನ್ನೂ ಬೇರೆ ಇಡಿ. ಪದಕದ ರಿಬ್ಬನ್ನು, ಸಮವಸ್ತ್ರ, ಪತ್ರಗಳಿಗೆ ಬಿಸಿಲೇ ಶತ್ರು. ಸೈನ್ಯದಿಂದ ಬಿಡುಗಡೆಯಾದ ಪ್ರಮಾಣಪತ್ರವನ್ನು ಕೆಲವರು ಅಕ್ಕರೆಯಿಂದ ಲ್ಯಾಮಿನೇಷನ್ ಮಾಡಿಸುತ್ತಾರೆ. ಆ ಶಾಖ ಮತ್ತು ಅಂಟು ಕಾಗದವನ್ನು ಕೆಡಿಸುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ. ಫೋಟೋದ ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆಯಿರಿ.

ಕಾನೂನಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಂದೂಕು, ತಮಂಚೆ ಎಷ್ಟೇ ಹಳೆಯದಿರಲಿ, 1959ರ ಆಯುಧ ಕಾಯ್ದೆ ಅದಕ್ಕೆ ಅನ್ವಯಿಸುತ್ತದೆಯೋ ಇಲ್ಲವೋ ಎಂಬುದನ್ನು ನೀವು ನಿರ್ಣಯಿಸತಕ್ಕದ್ದಲ್ಲ. ರಿಪೇರಿ ಮಾಡಿದರೂ ಹಾರದಂಥ ಪುರಾತನ ಆಯುಧಕ್ಕೆ ಕಾಯ್ದೆಯಲ್ಲಿ ವಿನಾಯಿತಿಯುಂಟು. ಆದರೆ ನಿಮ್ಮ ಮನೆಯದು ಅಂಥದೇ ಎಂದು ಅಧಿಕಾರಿಗಳಿಂದ ಖಚಿತಪಡಿಸಿಕೊಳ್ಳಬೇಕು. ಹಿರಿಯರೊಡನೆ ಪೊಲೀಸ್ ಠಾಣೆಗೆ ಹೋಗಿ ವಿಚಾರಿಸುವುದರಲ್ಲಿ ನಾಚಿಕೆಯಿಲ್ಲ. ನೂರು ವರ್ಷ ದಾಟಿದ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಗೆ ಒಳಪಡುತ್ತವೆ. ಅವುಗಳ ವ್ಯಾಪಾರಕ್ಕೆ ಲೈಸೆನ್ಸು ಬೇಕು. ಖಾಸಗಿಯವರು ಅವನ್ನು ಪರದೇಶಕ್ಕೆ ಸಾಗಿಸುವಂತಿಲ್ಲ. ಕೆಲವು ಬಗೆಯವನ್ನು ನೋಂದಾಯಿಸಬೇಕು. ಗುಂಡು, ಮದ್ದು, ಸಿಡಿಯದೆ ಉಳಿದ ಷೆಲ್ಲು ಕಂಡರಂತೂ ಕೈ ಹಚ್ಚಬೇಡಿ. ದೂರ ಸರಿದು ಪೊಲೀಸರಿಗೆ ತಿಳಿಸಿ. ಹಳೆಯ ಮದ್ದಿಗೆ ವಯಸ್ಸಾಗಿದೆ, ಅದು ತಣ್ಣಗಾಗಿದೆ ಎಂದು ನಂಬುವಂತಿಲ್ಲ.

ನೆಲದಲ್ಲಿ ಸಿಕ್ಕದ್ದನ್ನು ಸರ್ಕಾರಕ್ಕೆ ಒಪ್ಪಿಸಿದರೆ ಏನು ಲಾಭವೆಂದು ಕೇಳುವವರಿದ್ದಾರೆ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪುರಾತತ್ವ ಇಲಾಖೆಯವರು ಪಾಳುಬಾವಿಯೊಂದನ್ನು ಅಗೆದಾಗ ಸಾವಿರದಷ್ಟು ಕಬ್ಬಿಣದ ರಾಕೆಟ್ಟುಗಳು ಹೊರಬಂದವು. ಹೈದರ್, ಟಿಪ್ಪುಗಳ ಕಾಲದ ಮೈಸೂರು ರಾಕೆಟ್ಟುಗಳು ಅವು. ಅವನ್ನು ಒಬ್ಬೊಬ್ಬರು ಒಂದೊಂದು ಮನೆಗೆ ಒಯ್ದಿದ್ದರೆ ಸಾವಿರ ತುಕ್ಕಿನ ಕೊಳವೆಗಳಾಗುತ್ತಿದ್ದವು. ಒಂದೇ ಕಡೆ, ಸಿಕ್ಕ ಜಾಗದ ವಿವರ ಸಹಿತ ಉಳಿದದ್ದರಿಂದ ಒಂದು ಶಸ್ತ್ರಾಗಾರದ ದಾಸ್ತಾನು ನಮ್ಮ ಕಣ್ಣಮುಂದೆ ಬಂತು.

ಕೊನೆಯದಾಗಿ ಹಣದ ವಿಷಯ. 2023ರಲ್ಲಿ ಟಿಪ್ಪುವಿನ ಶಯನಗೃಹದ ಕತ್ತಿ ಲಂಡನ್ನಿನಲ್ಲಿ ಒಂದು ಕೋಟಿ 40 ಲಕ್ಷ ಪೌಂಡಿಗೆ ಹೋಯಿತೆಂಬ ವಾರ್ತೆ ಬಂದಮೇಲೆ ಟಿಪ್ಪುವಿನ ಕತ್ತಿಗಳು ಸಂತೆಯಲ್ಲೂ ಸಿಗತೊಡಗಿದರೆ ಆಶ್ಚರ್ಯವೇನು? ಆ ಕತ್ತಿಗೆ ಅಂಥ ಬೆಲೆ ಬಂದದ್ದು 1799ರಿಂದ ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆ ಇದ್ದುದರಿಂದ. ಮಾರುವವನು ಕಥೆಯನ್ನು ಮಾತ್ರ ಹೇಳಿ ಕಾಗದ ತೋರಿಸದಿದ್ದರೆ, ತುಕ್ಕು ಎಲ್ಲ ಕಡೆಯೂ ಒಂದೇ ಸಮನಾಗಿದ್ದರೆ, ಪದಕದ ಅಕ್ಷರ ಕರಗಿದ ಸಾಬೂನಿನಂತೆ ಮೊಂಡಾಗಿದ್ದರೆ, ಹಣ ಜೇಬಿನಲ್ಲೇ ಇರಲಿ.

ಎಳೆಯರೇ, ಖರ್ಚಿಲ್ಲದೆ ಇದೇ ವಾರ ಆರಂಭಿಸಿ. ನಿಮ್ಮ ಬೀದಿಯಲ್ಲಿ ನಿವೃತ್ತ ಸೈನಿಕರಿದ್ದರೆ ಹೋಗಿ ನಮಸ್ಕರಿಸಿ, 1965ರದೋ 1971ರದೋ ಅವರ ಪದಕ ಯಾವುದಕ್ಕೆ ಬಂತೆಂದು ಕೇಳಿ ಬರೆದುಕೊಳ್ಳಿ. ಪದಕ ಅವರ ಎದೆಯ ಮೇಲೆಯೇ ಇರಲಿ. ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಒಮ್ಮೆ ನಿಧಾನವಾಗಿ ನೋಡಿಬನ್ನಿ; ಪ್ರತಿ ವಸ್ತುವಿನ ಕೆಳಗಿನ ಚೀಟಿಯನ್ನು ಓದಿ, ನಿಮ್ಮ ಪುಸ್ತಕದ ಚೀಟಿ ಅದಕ್ಕಿಂತ ಚೆನ್ನಾಗಿರಬೇಕೆಂದು ಹಟ ಹಿಡಿಯಿರಿ. ಮನೆಯ ಹಿರಿಯರಲ್ಲೂ ಒಂದು ವಿನಂತಿ: ಈ ಸಲ ಅಟ್ಟ ಗುಡಿಸುವಾಗ, ಹಳೆಯ ಕಬ್ಬಿಣವನ್ನು ಗುಜರಿಯವನ ತಕ್ಕಡಿಗೆ ಹಾಕುವ ಮೊದಲು, ಮಕ್ಕಳನ್ನು ಕರೆದು ಒಮ್ಮೆ ತೋರಿಸಿ. ಅದು ಯಾರದೆಂದು ಹೇಳಬಲ್ಲವರು ಮನೆಯಲ್ಲಿ ಇನ್ನೂ ಇದ್ದಾಗಲೇ ಆ ಕೆಲಸ ಆಗಬೇಕು.