ಟುಡು.ಟಿಎಕ್ಸ್‌ಟಿ
ಟುಡು.ಟಿಎಕ್ಸ್‌ಟಿ ಎಂಬುದು ವೈಯಕ್ತಿಕ ಕೆಲಸಗಳ ಪಟ್ಟಿಯನ್ನು ಒಂದೇ ಸರಳ ಪಠ್ಯ ಕಡತದಲ್ಲಿ ಬರೆದಿಡುವ ಕ್ರಮ ಹಾಗೂ ಆ ಕಡತವನ್ನು ಕಮಾಂಡ್ ಲೈನ್‌ನಿಂದ, ಅಂದರೆ ಆದೇಶಗಳನ್ನು ಟೈಪ್ ಮಾಡುವ ಮೂಲಕ, ನಿರ್ವಹಿಸುವ ಮುಕ್ತ ತಂತ್ರಾಂಶ. ಅಮೆರಿಕದ ಲೇಖಕಿ ಜೀನಾ ಟ್ರಪಾನಿ 2006ರಲ್ಲಿ ಇದನ್ನು ರೂಪಿಸಿದರು. ಕಡತದ ಪ್ರತಿಯೊಂದು ಸಾಲೂ ಒಂದು ಕೆಲಸ. ಸಾಲಿನ ಮೊದಲಲ್ಲಿ ಆವರಣದೊಳಗೆ ಬರುವ ಇಂಗ್ಲಿಷಿನ ದೊಡ್ಡಕ್ಷರ ಆದ್ಯತೆಯನ್ನೂ, ‘+’ ಚಿಹ್ನೆಯ ಪದ ಯೋಜನೆಯನ್ನೂ, ‘@’ ಚಿಹ್ನೆಯ ಪದ ಸಂದರ್ಭವನ್ನೂ, ಅಂದರೆ ಕೆಲಸಕ್ಕೆ ಬೇಕಾದ ಸ್ಥಳ ಅಥವಾ ಸಾಧನವನ್ನೂ, ಸೂಚಿಸುತ್ತವೆ. ಸಂದರ್ಭವೆಂಬ ಈ ಕಲ್ಪನೆಯನ್ನು ಪ್ರಚುರಪಡಿಸಿದ್ದು ಡೇವಿಡ್ ಆಲನ್ ಅವರ ‘ಗೆಟಿಂಗ್ ಥಿಂಗ್ಸ್ ಡನ್’ (2001) ಕೃತಿ. ಈ ತಂತ್ರಾಂಶದ ‘ಟುಡು.ಎಸ್‌ಎಚ್’ ಎಂಬ ಶೆಲ್ ಸ್ಕ್ರಿಪ್ಟ್, ಅಂದರೆ ಕಮಾಂಡ್ ಲೈನ್ ಆದೇಶಗಳನ್ನು ಒಟ್ಟಾಗಿ ಬರೆದ ಕಡತ, ಕೆಲಸಗಳನ್ನು ಸೇರಿಸಿ, ವಿಂಗಡಿಸಿ, ಮುಗಿದವನ್ನು ಮತ್ತೊಂದು ಕಡತಕ್ಕೆ ಸಾಗಿಸುತ್ತದೆ. ಯಾವುದೇ ಪಠ್ಯ ಸಂಪಾದಕದಲ್ಲಿ ತೆರೆಯಬಹುದಾದ ಕಾರಣ ಈ ಪಟ್ಟಿ ನಿರ್ದಿಷ್ಟ ತಂತ್ರಾಂಶವನ್ನು ಅವಲಂಬಿಸದೆ ಉಳಿಯಬಲ್ಲದೆಂಬುದೇ ಇದರ ಮುಖ್ಯ ಗುಣ.