ಪದ ಪರಿಚಯ: ಪ್ರೊಪಗಾಂಡ

ಲ್ಯಾಟಿನ್ನಿನ ‘ಪ್ರೊಪಗಾರೆ’ ಮೂಲತಃ ತೋಟಗಾರರ ಮಾತು: ಕಡ್ಡಿ ನೆಟ್ಟು ಗಿಡ ಹೆಚ್ಚಿಸುವುದು. 1622ರಲ್ಲಿ ಪೋಪ್ ಹದಿನೈದನೆಯ ಗ್ರೆಗರಿ ಮತಪ್ರಸಾರಕ್ಕೆಂದು ಸ್ಥಾಪಿಸಿದ ಸಂಸ್ಥೆಯ ಹೆಸರಿನಿಂದ ‘ಪ್ರೊಪಗಾಂಡ’ ಬಳಕೆಗೆ ಬಂತು. ಮೊದಲ ಮಹಾಯುದ್ಧದ ಹೊತ್ತಿಗೆ ಪದಕ್ಕೆ ಸುಳ್ಳಿನ ನಾತ ಅಂಟಿತು. ನಾಜಿಗಳು ಮಾತ್ರ ಎಗ್ಗಿಲ್ಲದೆ 1933ರಲ್ಲಿ ಅದನ್ನೇ ಹಿಟ್ಲರ್‌ನ ಸಚಿವ ಗೋಬೆಲ್ಸ್‌ನ ಸಚಿವಾಲಯದ ಹೆಸರಿಗೆ ಸೇರಿಸಿಕೊಂಡರು.

ಎಳೆಯರ ಮೇಲೆ ನಾಜಿಗಳಿಗೆ ವಿಶೇಷ ಕಣ್ಣು. ಅವರ ಯುವ ಸಂಘಟನೆ ಹಿಟ್ಲರ್ ಯೂತ್‌ನ ಸಮವಸ್ತ್ರ, ಶಿಬಿರ, ಹಾಡು ಮಕ್ಕಳನ್ನು ಸೆಳೆದವು. 1939ರಲ್ಲಿ ಸೇರ್ಪಡೆ ಕಡ್ಡಾಯವಾಯಿತು. ಗಣಿತ ಪಠ್ಯದ ಲೆಕ್ಕಗಳಲ್ಲೂ ಅಂಗವಿಕಲರು ದೇಶಕ್ಕೆ ಹೊರೆ ಎಂಬ ಪಾಠ. 1938ರ ಮಕ್ಕಳ ಪುಸ್ತಕ ‘ವಿಷದ ಅಣಬೆ’ಯ ತಿರುಳೇ ಯಹೂದಿ ದ್ವೇಷ.

ಪ್ರೊಪಗಾಂಡಕ್ಕೆ ಕನ್ನಡದಲ್ಲಿ ಏನನ್ನಬೇಕು? ‘ಪ್ರಚಾರ’ ಚುನಾವಣೆಗೂ ಪೋಲಿಯೊ ಲಸಿಕೆಗೂ ಸಲ್ಲುತ್ತದೆ. ‘ಅಪಪ್ರಚಾರ’ ಎಂದರೆ ಹೆಸರು ಕೆಡಿಸುವುದು. ಪ್ರಭುತ್ವವೇ ಯೋಜಿಸಿ ಮನಸ್ಸು ತಿದ್ದುವ ಕೆಲಸಕ್ಕೆ ಇವೆರಡೂ ಸಾಲವು.